ಹುಲ್ಲಿನಡಿಯ ಬಸಿಗಾಲುವೆಗಳು

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಪೂರ್ವದಲ್ಲಿ, ಬೆವರ್ಲಿ ಪಟ್ಟಣಕ್ಕೆ ಕೆಲವೇ ಮೈಲಿ ದೂರದಲ್ಲಿ, ಮ್ಯೂಸ್ ಎಂಬ ಪುಟ್ಟ ಊರಿದೆ. ಸುಮಾರು 1151ರಿಂದ 1539ರವರೆಗೆ ಅಲ್ಲಿ ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳ ಮಠವಿತ್ತು. ಎಂಟನೇ ಹೆನ್ರಿ ದೊರೆ ಮಠಗಳನ್ನು ಮುಚ್ಚಿಸಿದ ಮೇಲೆ ಅದರ ಕಲ್ಲುಗಳನ್ನು ಕಿತ್ತು ಹಲ್ ನಗರದ ಕೋಟೆ ಕೆಲಸಕ್ಕೆ ಸಾಗಿಸಿದರು. ಇಂದು ಅಲ್ಲಿಗೆ ಹೋದವರಿಗೆ ಕಾಣುವುದು ಏರುತಗ್ಗಿನ ಹುಲ್ಲುಗಾವಲು, ಅಷ್ಟೆ.

ಅದೇ ಹುಲ್ಲುಗಾವಲನ್ನು ವಿಮಾನದಿಂದ ನೋಡಿದರೆ ಕತೆಯೇ ಬೇರೆ. ಗುರುತು ಸಿಗದ ತಗ್ಗುಗಳು ಒಂದಕ್ಕೊಂದು ಕೂಡಿಕೊಂಡು ಅಂಗಳಗಳ, ದಾರಿಗಳ, ಕಾಲುವೆಗಳ ರೂಪ ತಾಳುತ್ತವೆ.

ಈ ನೋಟವನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಓ. ಜಿ. ಎಸ್. ಕ್ರಾಫರ್ಡ್ ಮೊದಲಿಗರು. ಮೊದಲ ಮಹಾಯುದ್ಧದಲ್ಲಿ ವಿಮಾನದಲ್ಲಿ ಕೂತು ಶತ್ರುನೆಲದ ವೀಕ್ಷಣೆ ಮಾಡಿದ್ದ ಅವರು, ಅಲೆಕ್ಸಾಂಡರ್ ಕೀಲರ್ ಜೊತೆಗೂಡಿ 1928ರಲ್ಲಿ ವೆಸೆಕ್ಸ್ ಪ್ರದೇಶದ ವೈಮಾನಿಕ ಚಿತ್ರಗಳ ಪುಸ್ತಕ ತಂದರು. ಮಠಗಳ ಮಟ್ಟಿಗೆ ದೊಡ್ಡ ಹೆಜ್ಜೆ ಬಿದ್ದದ್ದು 1952ರಲ್ಲಿ. ಸ್ವತಃ ಸನ್ಯಾಸಿಯೂ ಇತಿಹಾಸಕಾರರೂ ಆಗಿದ್ದ ಡೇವಿಡ್ ನೋಲ್ಸ್ ಮತ್ತು ಕೇಂಬ್ರಿಜ್‌ನ ಜೆ. ಕೆ. ಸೇಂಟ್ ಜೋಸೆಫ್ ಸೇರಿ ಮಠಗಳ ನೆಲೆಗಳನ್ನು ಆಕಾಶದಿಂದ ತೋರಿಸುವ ಗ್ರಂಥ ಪ್ರಕಟಿಸಿದರು. ಗೋಡೆ, ಕಮಾನುಗಳನ್ನು ಮಾತ್ರ ಮೆಚ್ಚುತ್ತಿದ್ದ ಓದುಗರ ಕಣ್ಣು ಆಗ ಸುತ್ತಲಿನ ಹೊಲ, ಮೀನುಕೊಳ, ಒಡ್ಡುಗಳ ಮೇಲೂ ಬಿತ್ತು.

ಹೂತ ಕಾಲುವೆ ಮೇಲಿನಿಂದ ಕಾಣಲು ಕಾರಣಗಳಿವೆ. ಚಳಿಗಾಲದ ಇಳಿಬಿಸಿಲಿನಲ್ಲಿ ಒಂದಡಿ ಎತ್ತರದ ಏರಿಯೂ ಉದ್ದ ನೆರಳು ಚೆಲ್ಲುತ್ತದೆ. ಉತ್ತ ಹೊಲದಲ್ಲಾದರೆ ಮುಚ್ಚಿಹೋದ ಕಾಲುವೆಯ ಆಳವಾದ ಮಣ್ಣು ತೇವ ಹಿಡಿದಿಟ್ಟುಕೊಳ್ಳುವುದರಿಂದ ಮೇಲಿನ ಪೈರು ದಟ್ಟವಾಗಿ, ಹೆಚ್ಚು ದಿನ ಹಸಿರಾಗಿ ನಿಲ್ಲುತ್ತದೆ. ಕಲ್ಲಿನ ಅಡಿಪಾಯವಿದ್ದ ಕಡೆ ಅದೇ ಪೈರು ಕುಳ್ಳಾಗಿ ಬೇಗ ಒಣಗುತ್ತದೆ. ಮಳೆ ಕೈಕೊಟ್ಟ 1976 ಮತ್ತು 2018ರ ಬೇಸಿಗೆಗಳಲ್ಲಿ ಬ್ರಿಟನ್ನಿನ ಹೊಲಗಳು ಇಂಥ ಗೆರೆಗಳನ್ನು ಧಾರಾಳವಾಗಿ ತೋರಿದವು. ರೈತನಿಗೆ ಕೆಟ್ಟ ವರ್ಷ, ಶೋಧಕನಿಗೆ ಸುಗ್ಗಿ. ಈಗ ಲೈಡಾರ್ ಕೂಡ ಇದೆ: ವಿಮಾನದಿಂದ ಲೇಸರ್ ಕಿರಣ ಬಿಟ್ಟು, ಅದು ಮರಳುವ ಸಮಯದಿಂದ ನೆಲದ ಎತ್ತರ ಅಳೆಯುವ ವಿಧಾನ. ಇಂಗ್ಲೆಂಡಿನ ಪರಿಸರ ಸಂಸ್ಥೆ ಪ್ರವಾಹದ ಅಂದಾಜಿಗೆಂದು ಸಂಗ್ರಹಿಸಿದ್ದ ಈ ಅಳತೆಗಳನ್ನು 2015ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು.

ಆದರೆ ಚಿತ್ರ ಆಕಾರವನ್ನು ಹೇಳುತ್ತದೆ, ವಯಸ್ಸನ್ನಲ್ಲ. ಜೌಗು ನೆಲದಲ್ಲಿ ಈ ತೊಡಕು ಇನ್ನೂ ಹೆಚ್ಚು. ನದಿ ತಾನೇ ಬಿಟ್ಟುಹೋದ ಹಳೆಯ ಪಾತ್ರವೂ ಅಲ್ಲಿ ಗೆರೆಯಾಗಿ ಕಾಣುತ್ತದೆ. ಅಂಕುಡೊಂಕಾಗಿದ್ದರೆ ಅದನ್ನು ಬೇರ್ಪಡಿಸಬಹುದು. ನೇರವಾಗಿರುವುದೆಲ್ಲ ಸನ್ಯಾಸಿಗಳದ್ದೇ ಎನ್ನುವಂತೆಯೂ ಇಲ್ಲ. ಮ್ಯೂಸ್ ಇರುವ ಹಲ್ ನದಿಯ ಕಣಿವೆಯಲ್ಲಿ 1764ರ ಕಾಯಿದೆಯ ನಂತರ ಹೊಸ ಬಸಿಗಾಲುವೆಗಳನ್ನು ತೋಡಿದರು. ಹಾಗಾಗಿ ಯಾವುದು ಯಾವುದನ್ನು ಕತ್ತರಿಸಿದೆ ಎಂದು ನೋಡಬೇಕಾಗುತ್ತದೆ. ನಡುಗಾಲದ ಉಳುಮೆಯ ಸಾಲುಗಳನ್ನು ಸೀಳಿಕೊಂಡು ಹೋದ ಕಾಲುವೆ ಆ ಸಾಲುಗಳಿಗಿಂತ ಈಚಿನದು; ಸಾಲುಗಳೇ ಅದರ ಅಂಚಿಗೆ ಬಂದು ತಿರುಗಿದ್ದರೆ ಕಾಲುವೆ ಮೊದಲೇ ಇತ್ತೆಂದು ಊಹಿಸಬಹುದು.

ಮ್ಯೂಸ್ ಅದೃಷ್ಟದ ನೆಲೆಯೆನ್ನಬೇಕು, ಏಕೆಂದರೆ ಅದರ ಬರಹ ಉಳಿದಿದೆ. 14ನೇ ಶತಮಾನದ ಕೊನೆಯಲ್ಲಿ ಮಠಾಧಿಪತಿಯಾಗಿದ್ದ ಥಾಮಸ್ ಬರ್ಟನ್ ಮಠದ ಚರಿತ್ರೆಯನ್ನು ಲ್ಯಾಟಿನ್‌ನಲ್ಲಿ ಬರೆದಿಟ್ಟರು. ಅದರ ಪ್ರಕಾರ, ಮಠ ಕಟ್ಟಿಸಿದ ವಿಲಿಯಂ ಪ್ರಭು ಜೆರುಸಲೇಮಿಗೆ ಹೋಗುವ ಹರಕೆ ಹೊತ್ತಿದ್ದ. ವಯಸ್ಸು, ಸ್ಥೂಲಕಾಯಗಳಿಂದ ಅದು ಆಗಲಿಲ್ಲ. ಬದಲಿಗೆ ಮಠ ಕಟ್ಟಿಸು ಎಂದ ಆಡಮ್ ಎಂಬ ಸನ್ಯಾಸಿ, ಪ್ರಭು ಬೇಟೆವನಕ್ಕೆಂದು ಇಟ್ಟುಕೊಂಡಿದ್ದ ಜಾಗದಲ್ಲೇ ಕೋಲೂರಿ ನಿಂತ. ಸುತ್ತೆಲ್ಲ ನೀರು ನಿಲ್ಲುವ ನೆಲ.

ಎಶ್‌ಡೈಕ್, ಮಂಕ್‌ಡೈಕ್, ಫೋರ್ತ್‌ಡೈಕ್ ಎಂಬ ಕಾಲುವೆಗಳು ಹುಟ್ಟಿದ್ದು ಇಲ್ಲಿಯೇ. ಹೆಸರುಗಳು ಚರಿತ್ರೆಯಲ್ಲಿವೆ, ಮೊದಲನೆಯದು 12ನೇ ಶತಮಾನದ್ದು. 1958ರಲ್ಲಿ ಹಲ್ ಕಣಿವೆಯ ನೀರಿಳಿತದ ಇತಿಹಾಸ ಬರೆದ ಜೂನ್ ಶೆಪರ್ಡ್ ಇಂಥ ದಾಖಲೆಗಳನ್ನು ಭೂಪಟಗಳೊಂದಿಗೆ ಹೊಂದಿಸಿ ನೋಡಿದರು. ಈ ತೋಡುಗಳು ನೀರು ಬಸಿಯಲು ಮಾತ್ರವಲ್ಲ, ದೋಣಿ ಸಾಗಲೂ ಆಗುತ್ತಿದ್ದವು. ಬಂಡಿಯ ಚಕ್ರ ಹೂತುಹೋಗುವ ನೆಲದಲ್ಲಿ ಮಠದ ಸರಕಿಗೆ ನೀರೇ ದಾರಿ. ಹಲ್ ನದಿಯ ಬಾಯಲ್ಲಿದ್ದ ವೈಕ್ ಎಂಬ ಬಂದರು ಈ ಮಠದ ಸ್ವತ್ತೇ ಆಗಿತ್ತು. 1293ರಲ್ಲಿ ಮೊದಲನೇ ಎಡ್ವರ್ಡ್ ಅದನ್ನು ಕೊಂಡ ಮೇಲೆ ಹಲ್ ನಗರ ಬೆಳೆಯಿತು.

ಇಂಥ ಚರಿತ್ರೆ ಉಳಿಯದ ಮಠಗಳೇ ಹೆಚ್ಚು. ಅಲ್ಲಿ ಚಿತ್ರ ಸಿಕ್ಕ ಮೇಲೆ ಗುದ್ದಲಿ ಹಿಡಿಯಲೇಬೇಕು. ಕಾಲುವೆಯ ತಳದ ಕೆಸರನ್ನು ಕೊಳವೆಯಲ್ಲಿ ಎತ್ತಿ, ಅದರಲ್ಲಿ ಸಿಕ್ಕ ಕಟ್ಟಿಗೆ, ಬೀಜಗಳ ಇಂಗಾಲದಿಂದ ಕಾಲವನ್ನೂ, ಪರಾಗದಿಂದ ಅಂದಿನ ಗಿಡಮರಗಳನ್ನೂ ತಿಳಿಯುತ್ತಾರೆ. ಆ ಪರೀಕ್ಷೆಗೆ ಎಲ್ಲಿ ಅಗೆಯಬೇಕೆಂದು ತೋರಿಸಿಕೊಡುವುದು ವಿಮಾನದ ಚಿತ್ರ.