ನನ್ನ ಪರದೆ, ನನ್ನಿಷ್ಟ

ಮೊನ್ನೆ ಭಾನುವಾರ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಕೂತಿದ್ದೆ. ಪ್ಯಾನೆಲ್ ಕೆಳಗೆ, ಗಡಿಯಾರ ಬಲಗಡೆ, ಅಕ್ಷರ ಸ್ವಲ್ಪ ದೊಡ್ಡದು... ಹೀಗೆ ಜೋಡಿಸುತ್ತಾ ಊಟವೇ ಮರೆತುಹೋಯ್ತು. "ಅದೇನೋ ಮದುವೆ ಮನೆ ಸಿಂಗಾರ ಮಾಡ್ದಂಗೆ ಮಾಡ್ತಿದೀಯ?" ಅಂತ ಅಮ್ಮ ಬೈದರು.

ಈ ಚಟ ಲಿನಕ್ಸಿಗಿಂತ ಹಳೆಯದು. ಯುನಿಕ್ಸಿನ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಕಿಟಕಿಗಳ ಅಂಚು, ತಲೆಪಟ್ಟಿ ನೋಡಿಕೊಳ್ಳೋದು 'ವಿಂಡೋ ಮ್ಯಾನೇಜರ್' ಅನ್ನೋ ಬೇರೆಯದೇ ಪ್ರೋಗ್ರಾಂ. ಇಷ್ಟವಾಗದಿದ್ರೆ ಅದೊಂದನ್ನೇ ತೆಗೆದು ಇನ್ನೊಂದು ಹಾಕಬಹುದು. 1987ರಲ್ಲಿ ಟಾಮ್ ಲಾಸ್ಟ್ರೇಂಜ್ ಟಿಡಬ್ಲ್ಯೂಎಂ ಬರೆದರು. 1993ರಲ್ಲಿ ರಾಬರ್ಟ್ ನೇಷನ್ ಅದನ್ನೇ ತಿದ್ದಿ, ಕಡಿಮೆ ಮೆಮೊರಿ ಸಾಕಾಗುವ ಎಫ್‌ವಿಡಬ್ಲ್ಯೂಎಂ ಮಾಡಿದರು. ಆ 'ಎಫ್' ಅಂದ್ರೆ ಏನು ಅಂತ ಆಮೇಲೆ ಅವರಿಗೇ ನೆನಪಿರಲಿಲ್ವಂತೆ!

ಆದರೆ ಒಂದೊಂದು ಪ್ರೋಗ್ರಾಮಿಗೂ ಒಂದೊಂದು ಮುಖ. ಇದಕ್ಕೆ ಬೇಸತ್ತು 1996ರ ಅಕ್ಟೋಬರಿನಲ್ಲಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಷ್ ಕೆಡಿಇ ಶುರು ಮಾಡಿದರು. ಅದು ನಿಂತಿದ್ದ ಕ್ಯೂಟಿ ಲೈಬ್ರರಿಯ ಲೈಸೆನ್ಸು ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಅದಕ್ಕೇ 1997ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಸಾ, ಫೆಡೆರಿಕೋ ಮೆನಾ ಸೇರಿ ಗ್ನೋಮ್ ಆರಂಭಿಸಿದರು. 2000ದಲ್ಲಿ ಕ್ಯೂಟಿಯೂ ಜಿಪಿಎಲ್ ಅಡಿ ಬಂತು. ಅಷ್ಟರಲ್ಲಿ ಮನೆ ಎರಡಾಗಿತ್ತು.

ಮುಂದಿನ ಜಗಳ ಆಯ್ಕೆಗಳದ್ದು. 2002ರ ಗ್ನೋಮ್ 2ರಲ್ಲಿ ಎಷ್ಟೋ ಸೆಟ್ಟಿಂಗುಗಳು ಮಾಯವಾದವು. ಒಂದೊಂದು ಆಯ್ಕೆ ಸೇರಿಸಿದಾಗಲೂ ಪರೀಕ್ಷೆ ಮಾಡೋ ಕೆಲಸ ಬೆಳೆಯುತ್ತೆ, ಹೊಸಬರು ಕಂಗಾಲಾಗ್ತಾರೆ ಅನ್ನೋದು ಅವರ ವಾದ. ನಾನೂ ಕೋಡ್ ಬರೆದೇ ಹೊಟ್ಟೆ ಹೊರೆಯೋನು, ಆ ವಾದ ಅರ್ಥವಾಗುತ್ತೆ. ಆದರೆ 2011ರಲ್ಲಿ ಗ್ನೋಮ್ 3 ಬಂದಾಗ, ಜನ ವರ್ಷಗಟ್ಟಲೆ ಒಗ್ಗಿಸಿಕೊಂಡಿದ್ದ ವಿನ್ಯಾಸವನ್ನೇ ಬದಲಾಯಿಸಿಬಿಟ್ಟರು. ನಮ್ಮ ಅಡುಗೆಮನೆ ಡಬ್ಬಿಗಳನ್ನೆಲ್ಲ ಬೇರೆ ಯಾರೋ ಬಂದು ಬೇರೆ ಕಡೆ ಇಟ್ಟುಹೋದ ಹಾಗೆ!

ಬೇರೆ ಕಡೆಯಾಗಿದ್ರೆ ಗೊಣಗಿ ಸುಮ್ಮನಾಗಬೇಕಿತ್ತು. ಇಲ್ಲಿ ಹಾಗಾಗಲಿಲ್ಲ. ಅದೇ ವರ್ಷ ಅರ್ಜೆಂಟೀನಾದ ಒಬ್ಬ ಬಳಕೆದಾರ ಗ್ನೋಮ್ 2ರ ಕೋಡ್ ಎತ್ತಿಕೊಂಡು 'ಮಾಟೆ' ಶುರು ಮಾಡಿದ. ಲಿನಕ್ಸ್ ಮಿಂಟಿನವರು ಗ್ನೋಮ್ 3ರ ತಳಹದಿಯ ಮೇಲೇ ಹಳೇ ಶೈಲಿಯ 'ಸಿನಮನ್' ಕಟ್ಟಿದರು.

ನನಗನ್ನಿಸೋದು ಇಷ್ಟೇ: ಬಣ್ಣ, ಐಕಾನು ಬದಲಾಯಿಸೋದು ಯಾರೋ ಕೊಟ್ಟ ಸೌಲಭ್ಯ, ನಾಳೆ ಕಿತ್ತುಕೊಳ್ಳಬಹುದು. ಕೋಡ್ ತಿದ್ದೋದಕ್ಕೆ ಲೈಸೆನ್ಸಿನಲ್ಲಿರೋ ಅನುಮತಿ ಮಾತ್ರ ಹಕ್ಕು. ನನ್ನಂಥ ಸೋಮಾರಿ ಆ ಹಕ್ಕು ಚಲಾಯಿಸದಿದ್ರೂ, ದೂರದಲ್ಲಿ ಯಾರೋ ಚಲಾಯಿಸಿದ್ದರಿಂದಲೇ ಮೊನ್ನೆ ಮಾಟೆ ಹಾಕಿಕೊಂಡು ನನ್ನ ಪ್ಯಾನೆಲ್ ನನಗೆ ಬೇಕಾದಲ್ಲಿ ಕೂರಿಸಿದೆ.

ಅಂದಹಾಗೆ, ನಿಮ್ಮ ಪ್ಯಾನೆಲ್ ಮೇಲೋ, ಕೆಳಗೋ? :)