ಕಳೆದುಹೋದ ಬೀಗದ ಕೈ

ನಮ್ಮ ಅರಂತೋಡಿನ ಸುತ್ತ ಖಜಾನೆಯ ಮಾತೆತ್ತಿದರೆ 1837ರ ಬೆಳ್ಳಾರೆಯೇ ನೆನಪಾಗುವುದು. ಕೆದಂಬಾಡಿ ರಾಮಯ್ಯಗೌಡರ ದಂಡು ಅಲ್ಲಿ ಕಂಪೆನಿಯ ಖಜಾನೆಯನ್ನೇ ವಶಪಡಿಸಿಕೊಂಡಿತು. ದೂರದ ಪುರಿಯಲ್ಲಾದುದು ಇದಕ್ಕೆ ತಿರುವುಮುರುವು: ಭಂಡಾರ ಇದ್ದಲ್ಲೇ ಇದ್ದು, ಬೀಗದ ಕೈ ಕಾಣೆಯಾಯಿತು!

2018ರ ಏಪ್ರಿಲಿನಲ್ಲಿ ಜಗನ್ನಾಥನ ರತ್ನಭಂಡಾರವನ್ನು ಪರೀಕ್ಷಿಸಲು ಹೋದವರು ಒಳಕೋಣೆಯನ್ನು ಕಂಬಿಯ ಸಂದಿಯಿಂದ ಇಣಿಕಿ ಹಿಂದಿರುಗಿದರು. ಜೂನಿನಲ್ಲಿ ಜಿಲ್ಲಾ ಕಚೇರಿಯ ದಾಖಲೆ ಕೋಣೆಯಲ್ಲಿ ನಕಲು ಕೈಗಳ ಲಕೋಟೆಯೊಂದು ಸಿಕ್ಕಿತು. 2024ರ ಜುಲೈ 14ರಂದು ನೋಡಿದರೆ ಆ ಕೈಗಳೂ ಹೊಂದಲಿಲ್ಲ. ಮೂರು ಬೀಗಗಳನ್ನು ಒಡೆಯಬೇಕಾಯಿತು.

ಬೀಗ ಹೋದರೆ ಹೋಗಲಿ. ಒಡವೆಗಳ ಪಟ್ಟಿ ಅದಕ್ಕೆ ಹಿಂದೆ ಆದುದು 1978ರಲ್ಲಿ. ಕೈ ಯಾರ ಕೈಯಲ್ಲಿತ್ತೆಂಬುದಕ್ಕಿಂತ, ನಡುವಣ 46 ವರ್ಷ ಪೂರ್ತಿ ಎಣಿಕೆಯೇ ನಡೆಯಲಿಲ್ಲವೆಂಬುದು ನನ್ನನ್ನು ಹೆಚ್ಚು ಕಾಡುತ್ತದೆ.