ಮಾರುತ ವಿಮಾನವೂ ನೆಲದ ಸಿಬ್ಬಂದಿಯೂ

ಆಕಾಶಕ್ಕೆ ಏರಿದವನ ಹೆಸರನ್ನು ಇತಿಹಾಸವು ಬರೆದಿಡುತ್ತದೆ. ಏರುವ ಮುನ್ನ ಆ ವಿಮಾನವನ್ನು ಮುಟ್ಟಿ ಪರೀಕ್ಷಿಸಿ ಸಿದ್ಧಗೊಳಿಸಿದವನ ಹೆಸರು ದಾಖಲೆ ಪುಸ್ತಕದ ಸಹಿಯಾಗಿ ಮಾತ್ರ ಉಳಿಯುತ್ತದೆ. ಸೊಲ್ಲಾಪುರದ ಚಿಂಚೋಳಿ ಎಂಐಡಿಸಿಯ ಯಂತ್ರಗಳ ನಡುವೆ ದುಡಿಯುವವರ ಮಕ್ಕಳಿಗೆ ಪಾಠ ಹೇಳುವ ನಾವು ಈ ಎರಡನೆಯ ಬಗೆಯವರನ್ನು ಕುರಿತು ನಾಲ್ಕು ಮಾತು ಬರೆಯಬಯಸುತ್ತೇವೆ.

ಕನ್ನಡ ನಾಡಿಗೂ ಜೆಟ್ ಯುದ್ಧವಿಮಾನಕ್ಕೂ ಇರುವ ನಂಟು ಹಳೆಯದು. 1956ರಲ್ಲಿ ಜರ್ಮನಿಯ ವಿಮಾನಶಿಲ್ಪಿ ಕುರ್ಟ್ ಟ್ಯಾಂಕ್ ಅವರು ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದರು. ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ ಎಚ್‌ಎಫ್-24 ‘ಮಾರುತ’ವು 1961ರ ಜೂನ್ 17ರಂದು ಮೊದಲ ಸಲ ಹಾರಿತು. ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿ 10ರಂದು ಅದೇ ಬೆಂಗಳೂರಿನಲ್ಲಿ ಮಾರುತದ ಸುಧಾರಿತ ಮಾದರಿಯೊಂದನ್ನು ಹಾರಿಸುವಾಗ ವಿಮಾನವು ಬಿದ್ದು ಅವರು ಮಡಿದರು. ಬೆಂಗಳೂರಿನ ರಸ್ತೆಯೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಮರುವರ್ಷ, 1971ರ ಯುದ್ಧದಲ್ಲಿ, ಮಾರುತಗಳು ರಾಜಸ್ಥಾನದ ಮರಳುಗಾಡಿನ ತಾಣಗಳಿಂದ ಹಾರಿ ದಾಳಿ ನಡೆಸಿದವು. ನೆಲದ ಗುಂಡಿಗೆ ಕೆಲವು ಬಲಿಯಾದರೂ ಶತ್ರುವಿಮಾನದೊಡನೆ ಕಾದಾಡಿ ಒಂದೂ ಬೀಳಲಿಲ್ಲ. ಮಾರುತಕ್ಕೆ ಎರಡು ಎಂಜಿನ್ನುಗಳಿದ್ದುದರಿಂದ ಒಂದು ಕೆಟ್ಟಾಗಲೂ ಇನ್ನೊಂದರ ಬಲದಿಂದ ತಾಣಕ್ಕೆ ಮರಳಿದ ನಿದರ್ಶನಗಳುಂಟು.

ಹಾಗೆ ಮರಳಿದ ವಿಮಾನವನ್ನು ಮತ್ತೆ ಹಾರಲು ಅಣಿಗೊಳಿಸುತ್ತಿದ್ದವರು ಯಾರು? ಎಂಜಿನ್ನಿಗೊಬ್ಬ, ಒಡಲಿಗೊಬ್ಬ, ವಿದ್ಯುತ್ತಿಗೊಬ್ಬ, ಮಾಪಕಗಳಿಗೊಬ್ಬ, ಶಸ್ತ್ರಗಳಿಗೊಬ್ಬ ಎಂದು ಅವರಲ್ಲಿ ಕೆಲಸದ ಹಂಚಿಕೆಯಿತ್ತು. ಪ್ರತಿಯೊಬ್ಬನೂ ತನ್ನ ಭಾಗವನ್ನು ನೋಡಿ ‘ಎಫ್-700’ ಎಂಬ ದಾಖಲೆಯಲ್ಲಿ ಸಹಿ ಹಾಕಬೇಕಾಗಿತ್ತು. ಎಲ್ಲರ ಸಹಿಯಾದ ಮೇಲೆ ಚಾಲಕನು ಸಹಿ ಹಾಕಿ ವಿಮಾನವನ್ನು ವಹಿಸಿಕೊಳ್ಳುತ್ತಿದ್ದನು. ಗಾಳಿಯನ್ನು ಹೀರುವ ಎಂಜಿನ್ನಿನ ಬಾಯಿಗೆ ಒಂದು ಬೆಣಚುಕಲ್ಲು ಸಿಕ್ಕರೂ ಒಳಗಿನ ಅಲಗುಗಳು ಮುರಿಯಬಲ್ಲವು. ಆದುದರಿಂದ ಸಿಬ್ಬಂದಿಯವರು ಸಾಲಾಗಿ ನಿಂತು, ತಲೆ ಬಗ್ಗಿಸಿ, ವಿಮಾನ ಓಡಾಡುವ ನೆಲದ ಮೇಲಿನ ಕಲ್ಲು ಮೊಳೆಗಳನ್ನು ಆರಿಸುತ್ತ ನಡೆಯುವ ಪದ್ಧತಿಯಿದೆ.

ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ಒಮ್ಮೆ ನಮ್ಮ ಮಕ್ಕಳೊಡನೆ ಮಾತನಾಡಿದರು. ಒಂದು ಸಂಜೆ ಉಪಕರಣಗಳನ್ನು ಎಣಿಸುವಾಗ ಅವರ ಪೆಟ್ಟಿಗೆಯಲ್ಲಿ ಒಂದು ಪಾನಾ ಕಡಿಮೆ ಬಂದಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಮೇಲಿನವರಿಗೆ ತಿಳಿಸಿದರು. ಅಂದು ಅವರು ಮುಟ್ಟಿದ ವಿಮಾನಗಳೆಲ್ಲ ನಿಂತವು. ರಾತ್ರಿಯಿಡೀ ಮುಚ್ಚಳಗಳನ್ನು ಬಿಚ್ಚಿ ಹುಡುಕಿದರು. ಬೆಳಗಿನ ಜಾವ ಆ ಪಾನಾ ಎಂಜಿನ್ನಿನ ಮಗ್ಗುಲಲ್ಲಿ ಸಿಕ್ಕಿತು.

ಇನ್ನೊಮ್ಮೆ ಅವರು ಸಹಿ ಹಾಕಿದ ವಿಮಾನವೇ ಬಿದ್ದಿತು. ಚಾಲಕನು ಜಿಗಿದು ಬದುಕಿಕೊಂಡನು. ಕೂಡಲೇ ದಾಖಲೆಗಳನ್ನೆಲ್ಲ ವಶಪಡಿಸಿಕೊಂಡು ವಿಚಾರಣೆ ನಡೆಸಿದರು. ಹದ್ದು ಬಡಿದು ಎಂಜಿನ್ ನಿಂತಿತೆಂದು ಕೊನೆಗೆ ಗೊತ್ತಾಯಿತು. ಅಲ್ಲಿಯವರೆಗೆ ಅವರಿಗೆ ನಿದ್ರೆಯಿಲ್ಲ; ತಾವು ಬಿಗಿದ ಪ್ರತಿಯೊಂದು ತಿರುಪನ್ನೂ ಮನಸ್ಸಿನಲ್ಲಿಯೇ ಬಿಚ್ಚಿ ಬಿಗಿಯುತ್ತಿದ್ದರಂತೆ.

“ನಿಮ್ಮ ತಪ್ಪಿಲ್ಲಾಂದ್ರ ಯಾಕ ನಿದ್ದಿ ಬರಲಿಲ್ಲ, ಅಜ್ಜಾ?” ಎಂದು ನಾಲ್ಕನೆಯ ಇಯತ್ತೆಯ ಹುಡುಗನೊಬ್ಬ ಕೇಳಿದನು.

“ಸಹಿ ನಂದಿತ್ತಲ್ಲೋ ತಮ್ಮಾ” ಎಂದರು ಅವರು.

ಮಾರುತವು ಸೇವೆಯಿಂದ ನಿವೃತ್ತವಾಗಿ ದಶಕಗಳೇ ಸಂದವು. ಅದರ ಚರಿತ್ರೆಯನ್ನು ಓದುವಾಗ ಶಿಲ್ಪಿಯ ಹೆಸರನ್ನೂ ಚಾಲಕನ ಹೆಸರನ್ನೂ ಮಕ್ಕಳು ಕಲಿಯಲಿ; ಆ ದಾಖಲೆ ಪುಸ್ತಕದ ಸಹಿಗಳನ್ನೂ ನೆನೆಯಲಿ. ನಮ್ಮ ಮಕ್ಕಳಲ್ಲಿ ಅನೇಕರು ನಾಳೆ ಯಂತ್ರದ ಮುಂದೆ ನಿಲ್ಲುವವರೇ. ಕಳೆದ ಪಾನಾವನ್ನು ಕಳೆದಿದೆಯೆಂದು ಹೇಳುವ ಧೈರ್ಯವನ್ನು ನಾವು ಶಾಲೆಯಲ್ಲಿಯೇ ಕಲಿಸಬೇಕಾಗಿದೆ. ತಪ್ಪೊಪ್ಪಿಕೊಂಡ ಮಗುವನ್ನು ಗದರಿಸುವ ಮುನ್ನ ಉಪಾಧ್ಯಾಯರಾದ ನಾವು ಇದನ್ನು ನೆನೆಯುವುದು ಒಳಿತು.